ಒಬ್ಬನೇ ರೋಗಿಯ ವಿಭಾಗಕ್ಕೆ ಬಿದ್ದ ಬೀಗ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಕಾಫಿ ಸೀಮೆಯ ಗಂಡಸರಿಗೆ ನಿಮಿರು ದೌರ್ಬಲ್ಯವೆಂಬ ಕಾಯಿಲೆಯೇ ಇಲ್ಲವೆಂದು ತೀರ್ಮಾನಿಸಿ, ಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಗುರುವಾರಕ್ಕೊಮ್ಮೆ ತೆರೆಯುತ್ತಿದ್ದ ಪುರುಷ ವಿಭಾಗಕ್ಕೆ ತಾವು ಬೀಗ ಹಾಕಿಸಿದ್ದೀರಿ. ಆ ಬೀಗ ತೆಗೆಸಿ ಎಂದು ಕೇಳಲು ಈ ಪತ್ರ. ತಿಂಗಳುಗಟ್ಟಲೆ ಅಲ್ಲಿಗೆ ರೋಗಿಗಳೇ ಬರಲಿಲ್ಲವಂತೆ, ಆದ್ದರಿಂದ ರೋಗವೂ ಇಲ್ಲವಂತೆ. "ಶುದ್ಧ ಗಾಳಿ, ಗುಡ್ಡ ಹತ್ತಿಳಿಯುವ ಅಭ್ಯಾಸ, ಇಲ್ಲಿನ ಪುರುಷರು ಆರೋಗ್ಯವಂತರು" ಎಂದು ತಾವು ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದೆ. ಇಷ್ಟು ವರ್ಷಗಳಲ್ಲಿ ಸರ್ಕಾರದಿಂದ ನಮ್ಮ ಗಂಡಸುತನಕ್ಕೆ ಸಿಕ್ಕ ಮೊದಲ ಪ್ರಮಾಣಪತ್ರ ಅದು. ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕುವ ಆಸೆ ನನಗೂ ಇತ್ತು. ಒಂದೇ ತೊಡಕು: ಆ ಕಾಯಿಲೆ ನನಗಿದೆ.

ನಾನು ಜಯಪ್ರಕಾಶ್, ಜಾವಳಿಯ ಕಾಫಿ ಬೆಳೆಗಾರ, ಬಿಡುವಿನಲ್ಲಿ ಹಾಸ್ಯ ಭಾಷಣಕಾರ. ಐವತ್ತೈದು ದಾಟಿದೆ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷದ ಮೇಲಾಯಿತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ್ದರಿಂದ ಗಿಡದ ಮೇಲೆ ಅಪಾರ ಗೌರವ, ಮೈಯ ಮೇಲೆ ಅಷ್ಟೇ ಉದಾಸೀನ. ತೋಟದ ಮಣ್ಣನ್ನು ತಪ್ಪದೆ ಪರೀಕ್ಷೆಗೆ ಕಳಿಸುತ್ತೇನೆ, ಎಲೆ ಹಳದಿಯಾದರೆ ಎಲೆಯನ್ನೂ ಕಳಿಸುತ್ತೇನೆ. ರಕ್ತವನ್ನು ಮಾತ್ರ, ಅದು ಹೇಗೂ ನನ್ನೊಳಗೇ ಇದೆಯಲ್ಲ, ಎಲ್ಲಿಗೆ ಹೋದೀತು ಎಂದು ಬಿಟ್ಟಿದ್ದೆ. ಹಾಸಿಗೆಯಲ್ಲಿ ಫಸಲು ನಿಂತಾಗ ನಾನು ಕೇಳಿದ ವೈದ್ಯರೆಲ್ಲ ಒಂದೇ ಮಾತು ಹೇಳಿದರು: "ಟೆನ್ಷನ್ ತಗೋಬೇಡಿ, ಎಲ್ಲಾ ಮನಸ್ಸಲ್ಲಿರೋದು." ಮನಸ್ಸನ್ನು ಗದರಿಸಿದೆ, ಮುದ್ದು ಮಾಡಿದೆ, ಪ್ರಾಣಾಯಾಮಕ್ಕೂ ಕೂರಿಸಿದೆ. ಅದು ಸಂಪೂರ್ಣ ಸಿದ್ಧವಾಗಿಯೇ ಇತ್ತು, ಪಾಪ. ಕೈಕೊಟ್ಟದ್ದು ಬೇರೆಯವರು.

ಇನ್ನು ತಮ್ಮ ಇಲಾಖೆಯ ವಿಷಯ. ಹೆಸರಿನಲ್ಲೇ ಕುಟುಂಬ ಕಲ್ಯಾಣವಿದೆ. ಮಕ್ಕಳಾಗುವುದನ್ನು ನಿಲ್ಲಿಸುವುದು ಹೇಗೆಂದು ದಶಕಗಳ ಕಾಲ ಊರೂರ ಗೋಡೆಗಳ ಮೇಲೆ ಬರೆಸಿದಿರಿ. ನಿಲ್ಲದವನ ಗತಿ ಏನೆಂದು ಒಂದು ಗೋಡೆಯ ಮೇಲಾದರೂ ಬರೆಸಿದಿರಾ? ಆ ಖಾಲಿ ಗೋಡೆಗಳನ್ನು ಯಾರು ತುಂಬಿದರೆಂದು ತಮಗೂ ಗೊತ್ತು. ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ಇಳಿದುಕೊಳ್ಳುವ 'ಗುಪ್ತರೋಗ ತಜ್ಞ' ತುಂಬಿದ. ಕಳಸದಿಂದ ಮಲ್ಲಂದೂರಿನವರೆಗೆ ಬಸ್ ನಿಲ್ದಾಣವೊಂದನ್ನೂ ಬಿಡದೆ ಅವನ ಚೀಟಿ ಅಂಟಿದೆ. ಅವನ ಲೇಹ್ಯದಲ್ಲಿ ಏನಿದೆಯೋ ದೇವರೇ ಬಲ್ಲ, ಆದರೆ ಅವನಿಗೊಂದು ವಿದ್ಯೆ ಕರಗತವಾಗಿದೆ: ಲಾಡ್ಜಿನ ಹಿಂಬದಿಯ ಮೆಟ್ಟಿಲಿನಿಂದ ಹತ್ತಿಸಿಕೊಂಡು, ಹೆಸರೂ ಕೇಳದೆ ಕೂರಿಸಿಕೊಳ್ಳುತ್ತಾನೆ. ಸುಳ್ಳು ವೈದ್ಯನಿಗೆ ಗುಟ್ಟು ಕಾಯಲು ಬರುತ್ತದೆ. ನಿಜವಾದ ವೈದ್ಯರಿಗೆ ತಾವು ಮೈಕು ಕೊಟ್ಟಿರಿ.

ಹೌದು, ಮೈಕು. ವಾರಕ್ಕೊಮ್ಮೆ ಬರುವ ತಜ್ಞ ವೈದ್ಯರಿಗೆ ತಾವು ಕೊಟ್ಟದ್ದು ಆಸ್ಪತ್ರೆಯ ಕ್ಯಾಂಟೀನಿನ ಎದುರಿನ ಕೋಣೆ. ಅದರ ನೆತ್ತಿಯ ಮೇಲೆ ಆಳೆತ್ತರದ ಅಕ್ಷರದಲ್ಲಿ 'ಪುರುಷರ ಗುಪ್ತ ಸಮಸ್ಯೆಗಳ ವಿಭಾಗ' ಎಂಬ ಫಲಕ. ರಸ್ತೆಯಾಚೆ ನಿಂತರೂ ಓದಬಹುದಾದ ಗುಪ್ತ ಎಂಬ ಪದವನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ಇಷ್ಟು ಸಾಲದೆಂಬಂತೆ ಸರದಿ ಬಂದವರ ಹೆಸರು, ಊರು, ತೊಂದರೆ ಮೂರನ್ನೂ ಮೈಕಿನಲ್ಲಿ ಕೂಗುವ ವ್ಯವಸ್ಥೆ. ಆಮೇಲೆ ರೋಗಿಗಳು ಬರಲಿಲ್ಲವೆಂದು ತಾವು ಅಚ್ಚರಿಪಟ್ಟಿರಿ.

ಹಾಗಾದರೆ ನೀನು ಹೇಗೆ ಬಂದೆ ಎಂದು ಕೇಳುತ್ತೀರಿ. ಹಲ್ಲು ನೋವೆಂದು ಸುಳ್ಳು ಹೇಳಿ ಬಂದೆ.

ನಮ್ಮ ಕಡೆಯ ಒಂದು ರಿವಾಜನ್ನು ತಮಗೆ ತಿಳಿಸಬೇಕು. ಬಸ್ಸು ಅಪರೂಪವಾದ ದಾರಿಗಳು ನಮ್ಮವು. ಹಾಗಾಗಿ ಜೀಪಿನಲ್ಲಿ ಸೀಟು ಖಾಲಿ ಇಟ್ಟುಕೊಂಡು ಹೋದವನನ್ನು ಊರು ಕ್ಷಮಿಸುವುದಿಲ್ಲ. ಕೈ ತೋರಿಸಿದವರನ್ನು ಹತ್ತಿಸಿಕೊಳ್ಳಬೇಕು, ಹತ್ತಿದವರು ಎಲ್ಲಿಗೆ ಎಂದು ಕೇಳಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು. ಆ ಗುರುವಾರ ನಮ್ಮ ಡ್ರೈವರ್ ರವಿ ಗೇಟು ದಾಟಿಸುವಷ್ಟರಲ್ಲಿ ಜೀಪು ಅರ್ಧ ತುಂಬಿತ್ತು. ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಪಕ್ಕದ ತೋಟದ ಏಕಾಂತಪ್ಪನವರು ಹತ್ತಿದರು.

"ಎತ್ಲಾಗೆ ಹೊರಟ್ರಿ ಜೇಪಿ?"

"ಆಸ್ಪತ್ರೆಗೆ."

"ಅಯ್ಯೋ, ಏನಾಯ್ತು ಮಾರಾಯ್ರೆ?"

ಹಿಂದಿನ ಸೀಟಿನವರೆಲ್ಲ ಕಿವಿ ಚಾಚಿದರು. ಬಾಯಿಗೆ ಬಂದದ್ದು ಬಾಯಿಯದೇ ವಿಷಯ. "ಹಲ್ಲು" ಎಂದೆ.

ಮುಂದಿನ ದಾರಿಯಿಡೀ ಲವಂಗ, ಉಪ್ಪುನೀರು, ಯಾರದೋ ಭಾವನ ದವಡೆ. ಪೇಟೆ ತಲುಪಿದ ಮೇಲಾದರೂ ಬಿಡುಗಡೆ ಸಿಕ್ಕೀತೆಂದರೆ, ಏಕಾಂತಪ್ಪನವರು ಜೀಪಿನಿಂದಿಳಿದು ನನ್ನ ರಟ್ಟೆ ಹಿಡಿದರು. "ಸರ್ಕಾರಿ ಆಸ್ಪತ್ರೆ ಯಾಕೆ? ನಮ್ ಅಶ್ವಿನ್ ಡಾಕ್ಟ್ರು ಇಲ್ವ? ನೋವಲ್ಲಿರೋರ್ನ ಒಬ್ರೇ ಬಿಟ್ಟು ಹೋಗ್ಲಿಕ್ಕಾಗುತ್ತಾ, ಬನ್ನಿ." ನೋವಿನಲ್ಲಿರುವವನನ್ನು ಒಬ್ಬನೇ ಬಿಡದಿರುವುದೂ ನಮ್ಮ ರಿವಾಜೇ. ದಂತವೈದ್ಯ ಅಶ್ವಿನ್ ಬಾಯಿ ತೆರೆಸಿ, ಎಕ್ಸ್‌ರೇ ತೆಗೆದು, ಮೂಲೆಯ ಬುದ್ಧಿ ಹಲ್ಲು ಸೊಟ್ಟಗಿದೆ, ಇವತ್ತಲ್ಲ ನಾಳೆ ತೊಂದರೆ ಕೊಡುತ್ತದೆ ಎಂದರು. ಶುಗರ್ ಇದೆಯೇ ಎಂದು ಕೇಳಿದರು. ಕಂಟ್ರೋಲಿನಲ್ಲಿದೆ ಎಂದೆ, ದಿನದ ಎರಡನೆಯ ಸುಳ್ಳು. ಹೊರಗೆ ಏಕಾಂತಪ್ಪನವರು ಪೇಪರು ಓದುತ್ತ ಕಾವಲು ಕೂತಿದ್ದರು. ಹೀಗೆ, ನೋಯದ ಹಲ್ಲನ್ನು ನಾನು ಪೂರ್ಣ ಪ್ರಜ್ಞೆಯಲ್ಲಿ ಕೀಳಿಸಿಕೊಂಡೆ. ಬುದ್ಧಿ ಹಲ್ಲು ಹೋದ ಮೇಲೆಯೇ ನನಗೆ ಸ್ವಲ್ಪ ಬುದ್ಧಿ ಬಂದದ್ದು. ಏಕಾಂತಪ್ಪನವರು ಸಮಾಧಾನದಿಂದ ತಮ್ಮ ಕೆಲಸಕ್ಕೆ ಹೋದ ಮೇಲೆ, ಬಾಯಿಗೆ ಹತ್ತಿ ತುರುಕಿಕೊಂಡು ತಮ್ಮ ಆಸ್ಪತ್ರೆಗೆ ನಡೆದೆ.

ಚೀಟಿ ಕೊಡುವ ಕಿಟಕಿಯಲ್ಲಿ "ಏನ್ ತೊಂದ್ರೆ?" ಎಂದರು. ಬಾಯಿಯ ತುಂಬ ಹತ್ತಿ. "ಉ... ಉವುಉ..." ಎಂದೆ. "ಹಲ್ಲಿಂದು ಆಚೆ ಬ್ಲಾಕು" ಎಂದರು. ಅಲ್ಲ ಎಂದು ತಲೆಯಾಡಿಸಿದೆ. ಕೈಸನ್ನೆ ಮಾಡುವ ಅವಸ್ಥೆಗೆ ಇಳಿಯಲು ಮನಸ್ಸಾಗದೆ ಫಲಕ ತೋರಿಸಿದೆ. ಆಕೆ ಕನಿಕರದಿಂದ ನೋಡಿ ಚೀಟಿ ಹರಿದುಕೊಟ್ಟರು. ಕೊಂಚ ಹೊತ್ತಿನಲ್ಲೇ ಕ್ಯಾಂಟೀನು, ಔಷಧಿ ಸಾಲು, ಬಾಣಂತಿ ವಾರ್ಡು ಮೂರಕ್ಕೂ ಕೇಳುವಂತೆ ಮೈಕು ಘೋಷಿಸಿತು: "ಜಾವಳಿ ಜಯಪ್ರಕಾಶ್! ಪುರುಷ ಸಮಸ್ಯೆ! ಒಳಗೆ ಬನ್ನಿ!" ಟೀ ಲೋಟ ಬಾಯಿಗೆ ಹಿಡಿದವರು ಹಾಗೇ ಹಿಡಿದು ಉಳಿದರು. ಎಷ್ಟೋ ಸಮ್ಮೇಳನಗಳಲ್ಲಿ ಹಾಸ್ಯ ಭಾಷಣಕ್ಕೆ ನನ್ನ ಹೆಸರು ಕರೆದಿದ್ದಾರೆ, ಇಷ್ಟು ಏಕಾಗ್ರ ಸಭೆ ಎಂದೂ ಸಿಕ್ಕಿರಲಿಲ್ಲ.

ಒಳಗಿದ್ದವರು ಡಾಕ್ಟರ್ ಅರುಣಾ. ಹೆಂಗಸು. ಅರ್ಧ ಪ್ರಾಣ ಅಲ್ಲಿಯೇ ಹೋಯಿತು. ಅವರು ಮಾತ್ರ, ಮೋಟಾರು ರಿಪೇರಿಯವರು ಮೋಟಾರಿನ ಬಗ್ಗೆ ಕೇಳುವಷ್ಟೇ ಸಹಜವಾಗಿ ಕೇಳುತ್ತ ಹೋದರು. ಎಲ್ಲ ಮನಸ್ಸಿನದಂತೆ ಎಂದು ನಾನು ಹತ್ತಿಯ ಸಂದಿಯಿಂದ ಉಸುರಿದಾಗ ನಕ್ಕರು.

"ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದ್ದೀರಲ್ವ? ನೀರು ಬರದಿದ್ರೆ ಏನ್ ಮಾಡ್ತೀರಿ? ಮೋಟಾರಿಗೆ ಧೈರ್ಯ ಹೇಳ್ತೀರಾ, ಪೈಪು ನೋಡ್ತೀರಾ?"

"ಪೈಪು."

"ಹಾಗಾದ್ರೆ ಇಲ್ಲೂ ಪೈಪು ನೋಡೋಣ."

ಸ್ಕ್ಯಾನ್ ಮಾಡಿ ರಕ್ತದ ಹರಿವು ನೋಡಿದರು. ಸಕ್ಕರೆ ನನ್ನ ರಕ್ತನಾಳಗಳನ್ನು ಒಳಗಿಂದೊಳಗೇ ಕಿರಿದು ಮಾಡಿತ್ತು. ಆಗ ಕಲಿತದ್ದನ್ನು ತಮ್ಮ ಫಲಕ ಬರೆದವರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ. ಮನಸ್ಸಿನಿಂದ ಬರುವ ತೊಂದರೆ ಇಲ್ಲವೆಂದಲ್ಲ, ಆದರೆ ನನ್ನ ವಯಸ್ಸಿನವರಲ್ಲಿ ಬಹುಪಾಲು ಮೈಯದೇ ಕಾರಣ. ಸಕ್ಕರೆ, ಬಿಪಿ, ಕೊಬ್ಬು, ಸಿಗರೇಟು, ಸಂಜೆಯ ಗ್ಲಾಸು. ಕೆಲವರಿಗೆ ಹಾರ್ಮೋನು ಕಡಿಮೆ, ಕೆಲವರಿಗೆ ಬೇರೆ ಕಾಯಿಲೆಗೆ ನುಂಗುವ ಮಾತ್ರೆಯೇ ಕಾರಣ. ಪ್ರಾಸ್ಟೇಟ್ ಆಪರೇಷನ್ ಆದವರಿಗೆ, ಬೆನ್ನುಹುರಿಗೋ ಸೊಂಟದ ಮೂಳೆಗೋ ಪೆಟ್ಟು ಬಿದ್ದವರಿಗೆ ನರವೋ ರಕ್ತನಾಳವೋ ಕೆಟ್ಟಿರುತ್ತದೆ. ಆ ಭಾಗದ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು. ಹಾಗಾಗಿ ಕಟ್ಟುವುದಿದ್ದರೆ ಮೊದಲು ಅಲ್ಲಿ ಕಟ್ಟುತ್ತದೆ, ಹೃದಯದ ಸರದಿ ಆಮೇಲೆ. ಡಾಕ್ಟರ್ ಅರುಣಾ ಅಂದೇ ನನ್ನನ್ನು ಹೃದಯದ ಪರೀಕ್ಷೆಗೂ ಅಟ್ಟಿದರು. ಅಲ್ಲಿಯೂ ಒಂದು ನಾಳ ಅರ್ಧ ಮುಚ್ಚಿತ್ತು. ಈಗ ಅದಕ್ಕೆ ಔಷಧಿ ನಡೆದಿದೆ. ನಾನು ನಾಚಿಕೊಂಡು ಮನೆಯಲ್ಲೇ ಕೂತಿದ್ದರೆ ಈ ಪತ್ರದ ಬದಲು ಅದೇ ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ನನ್ನ ಫೋಟೋ ಇರುತ್ತಿತ್ತು. ಆರೋಗ್ಯವಂತ ಪುರುಷನೆಂದೇ ಸತ್ತಿರುತ್ತಿದ್ದೆ, ತಮ್ಮ ಅಂಕಿಅಂಶಕ್ಕೆ ಕುಂದಿಲ್ಲದಂತೆ.

ಅವರು ಕೊಟ್ಟ ಮಾತ್ರೆ ನನಗೆ ನಾಟಲಿಲ್ಲ. ಮುಂದಿನ ದಾರಿಗಳನ್ನು ಹೇಳಲು ಅವರು ನನ್ನ ಹೆಂಡತಿ ಕುಸುಮಾಳನ್ನೂ ಕರೆತರಲು ಹೇಳಿದರು. ಹೊರಗಿನಿಂದ ಹಿಡಿಯುವ ಪಂಪು ಇದೆ, ಚುಚ್ಚುಮದ್ದು ಇದೆ, ಇವು ಸಾಲದಿದ್ದರೆ ಶಸ್ತ್ರಚಿಕಿತ್ಸೆ. ಒಳಗೆ ಒಂದು ಜೊತೆ ಸಲಾಕೆ ಕೂರಿಸುತ್ತಾರೆ. ಒಂದು ಬಗೆ ಬೇಕೆಂದಾಗ ಮೇಲಕ್ಕೆ, ಬೇಡವೆಂದಾಗ ಕೆಳಕ್ಕೆ ಬಗ್ಗಿಸುವಂಥದ್ದು. ಇನ್ನೊಂದು ನೀರು ತುಂಬಿಕೊಳ್ಳುವಂಥದ್ದು: ಹೊಟ್ಟೆಯೊಳಗೆ ಪುಟ್ಟ ಟ್ಯಾಂಕು, ಬೀಜದ ಚೀಲದಲ್ಲಿ ಪಂಪು, ನಡುವೆ ಪೈಪು. ಕುಸುಮಾ ಚಿತ್ರವನ್ನೇ ನೋಡುತ್ತ, "ಇದು ನಮ್ ಸ್ಪ್ರಿಂಕ್ಲರೇ. ಕರೆಂಟಿಲ್ದೆ ನಡಿಯುತ್ತೆ ಅನ್ನೋದೊಂದೇ ಸುಖ" ಎಂದಳು. ಡಾಕ್ಟರ್ ಆಮಿಷ ತೋರಿಸಲಿಲ್ಲ. ಒಮ್ಮೆ ಕೂರಿಸಿದರೆ ಹಳೆಯ ಸಹಜ ಶಕ್ತಿ ಮರಳುವುದಿಲ್ಲ, ಸೋಂಕಾದರೆ ತೆಗೆಯಬೇಕಾದೀತು, ಯಂತ್ರವಾದ್ದರಿಂದ ಕೆಡಲೂಬಹುದು ಎಂದರು. ಮೊದಲು ಸಕ್ಕರೆ ಇಳಿಯಲಿ, ಹೃದಯದವರು ಒಪ್ಪಲಿ, ಆಮೇಲೆ ನೀವಿಬ್ಬರೂ ಯೋಚಿಸಿ ಹೇಳಿ ಎಂದರು. ನಾವು ಯೋಚಿಸುತ್ತಿದ್ದೇವೆ. ನನ್ನದು ಕಾಯುತ್ತದೆ, ಮಾನ್ಯರೇ. ಕಾಯದಿರುವುದು ರವಿಯದು.

ರವಿ ಎಂಬುದು ಅವನ ನಿಜವಾದ ಹೆಸರಲ್ಲ. ಇಲ್ಲಿ ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ, ಹೆಸರಿಗಲ್ಲ. ಅವನ ಕಡೆಯವರ ಹೆಸರನ್ನೂ ಅವನ ಕೆಲಸದ ಗುರುತನ್ನೂ ಬದಲಿಸಿದ್ದೇನೆ. ನನ್ನ ಮೊದಲ ಭೇಟಿಯ ದಿನ ವಾಪಸು ಬರುವಾಗ, ಅಪರೂಪಕ್ಕೆ ಜೀಪಿನಲ್ಲಿ ನಾವಿಬ್ಬರೇ. ಆಸ್ಪತ್ರೆಯ ಮೈಕು ಅವನಿಗೂ ಕೇಳಿಸಿತ್ತು. ಮೂಡಿಗೆರೆ ದಾಟಿದ ಮೇಲೆ ರಸ್ತೆ ನೋಡಿಕೊಂಡೇ ಹೇಳಿದ:

"ಅಣ್ಣಾ, ನಂಗೂ ಅದೇ ಹಲ್ಲು ನೋವು."

ಅವನಿಗೆ ಮೂವತ್ತೂ ಆಗಿಲ್ಲ. ಸಕ್ಕರೆಯಿಲ್ಲ, ಬೀಡಿ ಮುಟ್ಟಿದವನಲ್ಲ. ಮೊದಲು ಮೆಣಸು ಕೊಯ್ಯುತ್ತಿದ್ದ. ಒಂದು ಕೊಯ್ಲಿನಲ್ಲಿ ಸಿಲ್ವರ್ ಓಕಿಗೆ ಒರಗಿಸಿದ್ದ ಏಣಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿತು, ನಡೆದ, ಎಲ್ಲರೂ ಚಪ್ಪಾಳೆ ತಟ್ಟಿದೆವು, ಮರ ಹತ್ತುವುದು ಬೇಡವೆಂದು ಜೀಪು ಕಲಿಸಿದೆವು. ಮದುವೆಯೂ ಆಯಿತು. ಆ ಪೆಟ್ಟು ಬೇರೇನನ್ನು ಕೆಡಿಸಿರಬಹುದೆಂದು ಮೂಳೆ ಕೂರಿಸಿದವರು ಹೇಳಲಿಲ್ಲ, ಅವನೂ ಕೇಳಲಿಲ್ಲ. ಅವನು ಮಂಕಾಗಿರುವುದು ಮನೆಯವರ ಪ್ರಕಾರ ಬಿದ್ದ ಭಯ. ಲಾಡ್ಜಿನ ತಜ್ಞನ ಪ್ರಕಾರ ಲೇಹ್ಯ ಸಾಲದು, ಭಸ್ಮವೂ ಬೇಕು. ಅವನ ಹೆಂಡತಿ ಕೃತಿಕಾಗೆ ಯಾರೂ ಏನೂ ಹೇಳಿಲ್ಲ. ಮಕ್ಕಳಾಗಲಿಲ್ಲವೆಂದು ಹರಕೆ ಹೊರಿಸಿದ್ದು, ಉಪವಾಸ ಕೂರಿಸಿದ್ದು ಮಾತ್ರ ಅವಳನ್ನೇ. ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕುಸುಮಾಳ ಹತ್ತಿರ ಅತ್ತುಬಿಟ್ಟಳು. "ಅವ್ರು ನನ್ ಮುಖಾನೇ ನೋಡಲ್ಲ ಅಕ್ಕಾ. ಜೀಪಲ್ಲೇ ಮಲಗ್ತೀನಿ ಅಂತಾರೆ. ಬೇರೆ ಯಾರಾದ್ರೂ ಇದ್ದಾರಾ ಅಂತ ನೀವಾದ್ರೂ ನಿಜ ಹೇಳಿ."

ಮುಂದಿನ ಗುರುವಾರವೇ ಹೋಗೋಣವೆಂದು ರವಿಯನ್ನು ಒಪ್ಪಿಸಲು ನನಗೆ ಮಳೆಗಾಲವಿಡೀ ಹಿಡಿಯಿತು. ಕೊನೆಗೆ ಒಪ್ಪಿದ, ಬಂದ. ಕೋಣೆಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಒಳಗೆ ತಮ್ಮ ಶಿಬಿರಗಳ ಹಳೆಯ ಬ್ಯಾನರುಗಳು. ಕಸ ಗುಡಿಸುತ್ತಿದ್ದಾಕೆ ಹೇಳಿದರು: "ಪೇಶೆಂಟೇ ಬರಲ್ಲ ಅಂತ ಮೇಲಿನೋರು ಕ್ಲೋಸ್ ಮಾಡ್ಸಿದ್ರು ಸಾರ್." ನಾನು ಸಿಟ್ಟಿನಲ್ಲಿ ಏನೋ ಅಂದೆ. ರವಿ ಬೀಗವನ್ನೊಮ್ಮೆ ಎಳೆದು ನೋಡಿದ. "ಸರ್ಕಾರದೋರೇ ಮುಚ್ಚಿದ್ದಾರೆ ಅಂದ್ಮೇಲೆ ಇದಕ್ಕೆ ಮದ್ದಿಲ್ಲ ಅಂತಾನೇ ಅಲ್ವ ಅಣ್ಣಾ" ಎಂದ.

ತಮಗೆ ಅದು ಬೀಗ, ಮಾನ್ಯರೇ. ಅವನಿಗೆ ಅದು ತೀರ್ಪು.

ಡಾಕ್ಟರ್ ಅರುಣಾ ಅವರಿಗೆ ಫೋನು ಮಾಡಿದೆ. ಆ ವಯಸ್ಸಿನಲ್ಲಿ, ಪೆಟ್ಟಿನಿಂದ ಒಂದೇ ಕಡೆ ರಕ್ತನಾಳ ಕಟ್ಟಿದ್ದರೆ, ಬೇರೆ ನಾಳ ತಂದು ಜೋಡಿಸುವ ಬೈಪಾಸ್ ಶಸ್ತ್ರಚಿಕಿತ್ಸೆ ಸಾಧ್ಯ ಎಂದರು. ನನ್ನಂಥ ಸಕ್ಕರೆಯವರಿಗೆ ಅದು ಆಗಿಬರುವುದಿಲ್ಲ, ಅವನಂಥವರಿಗೇ ಇರುವುದು. ನರ ಕೆಟ್ಟಿದ್ದರೆ ಬೇರೆ ದಾರಿಗಳಿವೆ. "ನೋಡದೆ ಮಾತು ಕೊಡಲ್ಲ. ಆದ್ರೆ ಮದ್ದಿಲ್ಲ ಅನ್ನೋದು ಸುಳ್ಳು, ಅದನ್ನ ಅವನಿಗೆ ಹೇಳಿ" ಎಂದರು. ಹೇಳಿದೆ. ಸಮಾಧಾನಕ್ಕೆ ಹೇಳುತ್ತಿದ್ದೀರಿ ಎಂದ. ಊರಿಡೀ ನಗಿಸುವವನು ಗಂಭೀರವಾಗಿ ಹೇಳಿದರೆ ಯಾರು ನಂಬುತ್ತಾರೆ? ದೂರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತೇನೆಂದೆ. ಎರಡು ದಿನ ಊರಲ್ಲಿರದಿದ್ದರೆ ಮನೆಯವರಿಗೆ, ಕೇರಿಗೆ ಏನು ಹೇಳಲಿ ಎಂದ. ಗುರುವಾರ ಜೀಪು ಪೇಟೆಗೆ ಹೋದರೆ ಯಾರೂ ಕಾರಣ ಕೇಳುವುದಿಲ್ಲ, ಅವನು ಡ್ರೈವರ್. ಅವನಿಗೆ ಒಪ್ಪಿಗೆಯಾದದ್ದು ಅದೊಂದೇ ಬಾಗಿಲು.

ಇಷ್ಟರಲ್ಲಿ ಕೃತಿಕಾಳ ಸೋದರಮಾವ ದಾಸಯ್ಯನವರು ಹೇಳಿಕಳಿಸಿದ್ದಾರೆ: ಉತ್ಥಾನ ದ್ವಾದಶಿ ಕಳೆದ ಮೇಲೆ ಬಂದು ಕೂತು ಮಾತಾಡಿ, ಹುಡುಗಿಯನ್ನು ಕರೆದುಕೊಂಡು ಹೋಗುತ್ತಾರೆ. ರವಿ ತಡೆಯುವುದಿಲ್ಲವಂತೆ. "ಅವಳು ನಂಗೆ ಇಷ್ಟ ಇಲ್ಲ ಅಂತ ಹೇಳ್ಬಿಡ್ತೀನಿ. ಬೇರೆ ಕಡೆ ಹೋಗಿ ಚೆನ್ನಾಗಿರ್ಲಿ" ಎಂದ. ಅವಳು ಎಲ್ಲಿಯೂ ಚೆನ್ನಾಗಿರುವುದಿಲ್ಲ, ಏಕೆಂದರೆ ಗಂಡನಿಗೆ ಬೇಡವಾದವಳೆಂಬ ಹೆಸರು ಹೊತ್ತುಕೊಂಡು ಹೋಗುತ್ತಾಳೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿಯಿದೆ. ಇಬ್ಬರಲ್ಲಿ ಯಾರದೂ ತಪ್ಪಿಲ್ಲ. ನಡುವೆ ಬಹುಶಃ ಒಂದು ಕಟ್ಟಿದ ರಕ್ತನಾಳ, ಅದರ ಮುಂದೆ ತಮ್ಮ ಬೀಗ. ಪಂಚಾಂಗದವರು ಉತ್ಥಾನಕ್ಕೆಂದು ವರ್ಷಕ್ಕೊಂದು ದ್ವಾದಶಿಯನ್ನಾದರೂ ಎತ್ತಿಟ್ಟಿದ್ದಾರೆ. ತಮ್ಮ ಇಲಾಖೆಗೆ ಒಂದು ಗುರುವಾರವೂ ಭಾರವಾಯಿತೆ?

ಇದನ್ನೆಲ್ಲ ಮುಖತಃ ಹೇಳಲು ತಮ್ಮ ಕೊಠಡಿಗೆ ಬಂದಿದ್ದೆ. ನೆನಪಿರಬಹುದು. ರವಿಯ ಗುಟ್ಟು ಹೇಳುವಂತಿರಲಿಲ್ಲ, ನನ್ನದನ್ನು ಹೇಳಿದೆ. ತಾವು ಕನ್ನಡಕದ ಮೇಲಿನಿಂದ ನೋಡಿ, "ಈ ವಯಸ್ಸಲ್ಲಿ ನಿಮಗ್ಯಾಕೆ ಸಾರ್ ಅದು?" ಎಂದಿರಿ. ಕಣ್ಣಿನ ಪೊರೆ ತೆಗೆಸಲು ಬಂದವರನ್ನೂ ಈ ವಯಸ್ಸಲ್ಲಿ ನೋಡುವುದು ಏನಿದೆ ಎಂದು ಕೇಳುತ್ತೀರಾ? ಆಮೇಲೆ, "ಒಬ್ಬರಿಗೋಸ್ಕರ ವಿಭಾಗ ನಡೆಸೋಕಾಗಲ್ಲ. ನೀವೊಬ್ರೇ ಬಂದಿರೋದು" ಎಂದಿರಿ. ಹೊರಬಂದಾಗ ಜವಾನ ಪಿಸುಗುಟ್ಟಿದ: "ಸಾರ್, ಆ ಡಾಕ್ಟ್ರ ನಂಬರ್ ಇದ್ರೆ ಕೊಡಿ." ತಮ್ಮ ಬಾಗಿಲಿನ ಆಚೆಗೇ ಎರಡನೆಯ ರೋಗಿ ನಿಂತಿದ್ದ. ಯಾವ ಜವಾನನೆಂದು ವಿಚಾರಣೆ ಹೂಡಬೇಡಿ. ಅವನು ತನ್ನ ಭಾವನಿಗೆಂದು ಕೇಳಿದ್ದು. ಎಲ್ಲರೂ ಭಾವನಿಗೆಂದೇ ಕೇಳುತ್ತಾರೆ.

ಆದ್ದರಿಂದ ನನ್ನ ಬೇಡಿಕೆ. ದ್ವಾದಶಿಗೆ ಮೊದಲು ಒಂದು ಗುರುವಾರವಾದರೂ ಆ ಕೋಣೆ ತೆರೆಯಿರಿ, ಡಾಕ್ಟರ್ ಅರುಣಾ ಅವರನ್ನು ಕರೆಸಿ. ಫಲಕ ಇಳಿಸಿ, ಆಮೇಲೆ ಅವರನ್ನು ಸಕ್ಕರೆ, ಬಿಪಿ ನೋಡುವ ಕೋಣೆಯ ಪಕ್ಕದಲ್ಲೇ ಕೂರಿಸಿ, ಹೇಗೂ ಇದು ಆ ಮನೆಯದೇ ಕಾಯಿಲೆ. ಮೈಕನ್ನು ಸ್ವಾತಂತ್ರ್ಯ ದಿನಾಚರಣೆಗೆ ಎತ್ತಿಡಿ. ಲಾಡ್ಜಿನ ತಜ್ಞನ ಬಳಿ ಯಾವ ಪದವಿ ಇದೆಯೆಂದು ಒಮ್ಮೆ ಹೋಗಿ ಕೇಳಿ, ಮುಂಬಾಗಿಲಿನಿಂದ ಹೋಗಿ.

ರೋಗಿಗಳ ಸಂಖ್ಯೆ ಬೇಕೆಂದರೆ ಅದಕ್ಕೂ ವ್ಯವಸ್ಥೆ ಮಾಡಿದ್ದೇನೆ. ಪ್ರತಿ ಗುರುವಾರ ಬಂದು ನನ್ನ ಹೆಸರಲ್ಲೇ ಚೀಟಿ ಮಾಡಿಸುತ್ತೇನೆ. ಇನ್ನೂ ಮೈಕೇ ಬೇಕೆಂದರೆ ನನ್ನ ಹೆಸರನ್ನು ಗಂಟಲು ಹರಿಯುವಂತೆ ಕೂಗಿಸಿ, ಈ ಪತ್ರ ಅಚ್ಚಾದ ಮೇಲೆ ಅದರಿಂದ ನನಗೆ ಹೊಸ ನಷ್ಟವಿಲ್ಲ. "ಬರೆಯೋದಾದ್ರೆ ಪೂರ್ತಿ ಬರೀರಿ, ಅರ್ಧ ಬರೆದ್ರೆ ಮಿಕ್ಕಿದ್ದನ್ನ ಜನ ನನ್ನತ್ರ ಕೇಳ್ತಾರೆ" ಎಂದು ಕುಸುಮಾಳೂ ಒಪ್ಪಿಗೆ ಕೊಟ್ಟಿದ್ದಾಳೆ. ಚೀಟಿ ನನ್ನದು, ಕಾಯಿಲೆ ನನ್ನದು, ನಾಚಿಕೆಯೂ ನನ್ನದೇ ಇರಲಿ. ನನ್ನ ಹಿಂದೆ ಕೋಣೆಯೊಳಗೆ ಬರುವವರು ಈ ಮುದುಕನ ಜೊತೆಗೆ ಬಂದವರು, ಅಷ್ಟೇ. ಅವರ ಹೆಸರು, ಊರು ಕೇಳಬೇಡಿ. ಬಾಗಿಲು ಹಾಕಿಕೊಂಡು, ಡಾಕ್ಟರ್ ಜೊತೆ ಅವರನ್ನು ಸ್ವಲ್ಪ ಹೊತ್ತು ಬಿಟ್ಟುಬಿಡಿ. ನಾನು ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ. ನಗುವವರಿದ್ದರೆ ನನ್ನನ್ನು ನೋಡಿ ನಗಲಿ, ಅಭ್ಯಾಸವಿದೆ.

ಇಂತಿ,
ತಮ್ಮ ವ್ಯಾಪ್ತಿಯ ಸಮಸ್ತ ಆರೋಗ್ಯವಂತ ಪುರುಷರ ಪರವಾಗಿ ಕಾಯಿಲೆ ಬಿದ್ದಿರುವ
ಜಯಪ್ರಕಾಶ್
ಜಾವಳಿ, ಮೂಡಿಗೆರೆ ತಾಲ್ಲೂಕು